ಕೊಲಾಯ್ಡಲ್ ಸಿಲ್ವರ್ ಕಿಟ್: ಪೆಟ್ಟಿಗೆ ಪರವಾಗಿಲ್ಲ, ತಂತಿ ಮಾತ್ರ ಬದಲಾಯಿಸಲೇಬೇಕು

ಬೆಳ್ಳಿಯ ಅತಿ ಸಣ್ಣ ಕಣಗಳು ತೇಲುವ ನೀರಿಗೆ ಕೊಲಾಯ್ಡಲ್ ಸಿಲ್ವರ್ ಅನ್ನುತ್ತಾರೆ, ಔಷಧಿ ಅಂತ ಅದನ್ನು ಕುಡಿಯುವವರೂ ಇದ್ದಾರೆ. ಅದನ್ನು ಮನೆಯಲ್ಲೇ ಮಾಡುವ ಕಿಟ್ ಇದು. ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಐದಕ್ಕೆ ಎರಡು ಸ್ಟಾರ್. ಎರಡೂ ಪೆಟ್ಟಿಗೆಗೆ. ತಂತಿಗೆ ಸೊನ್ನೆ, ಜೊತೆಗೆ ಬಂದ ಚೀಟಿಗೆ ಸೊನ್ನೆಗಿಂತ ಕಡಿಮೆ ಕೊಡೋಕೆ ಆಗಲ್ವಲ್ಲ ಅಂತ ಬೇಜಾರು. ಮಾರಿದವರ ಹೆಸರು ಬರೆಯುತ್ತಿಲ್ಲ. ಈ ಥರದ ಕಿಟ್‌ಗಳು ಬೇರೆ ಬೇರೆ ಹೆಸರಲ್ಲಿ, ಹೆಚ್ಚುಕಮ್ಮಿ ಅದೇ ಫೋಟೋ ಹಾಕಿಕೊಂಡು ಆನ್‌ಲೈನ್‌ನಲ್ಲಿ ಸಿಗುತ್ತವೆ, ಹಾಗಾಗಿ ನಿಮಗೆ ಬರುವುದೂ ಬಹುಶಃ ಇದೇ ಆಗಿರುತ್ತದೆ.

ನಾನು ತೆಗೆದುಕೊಂಡದ್ದು ಕುಡಿಯೋಕಲ್ಲ, ಅದನ್ನು ಇಲ್ಲೇ ಸ್ಪಷ್ಟ ಮಾಡುತ್ತೇನೆ, ಕಾರಣ ಕೆಳಗೆ ಬರೆದಿದ್ದೇನೆ. ಮನೆಗೆ ಪಾಠಕ್ಕೆ ಬರುವ ಪಿಯುಸಿ ಮಕ್ಕಳಿಗೆ ಫ್ಯಾರಡೆ ನಿಯಮ (ಹರಿದ ಕರೆಂಟಿಗೆ ತಕ್ಕಷ್ಟೇ ಲೋಹ ಕರಗುತ್ತದೆ ಅನ್ನೋದು), ಟಿಂಡಾಲ್ ಪರಿಣಾಮ (ತೇಲುವ ಸಣ್ಣ ಕಣಗಳಿಂದಾಗಿ ದ್ರವದೊಳಗೆ ಬೆಳಕಿನ ಗೆರೆ ಕಾಣುವುದು) ಎರಡನ್ನೂ ಒಂದೇ ಲೋಟದಲ್ಲಿ ತೋರಿಸಬಹುದು ಅನ್ನೋದು ನನ್ನ ಆಸೆ. (ಎನ್‌ಸಿಇಆರ್‌ಟಿಯವರು ಕೊಲಾಯ್ಡ್ ಬರುವ ಪಾಠವನ್ನೇ 12ನೇ ತರಗತಿ ಪುಸ್ತಕದಿಂದ ತೆಗೆದುಬಿಟ್ಟಿದ್ದಾರೆ, ಆದರೂ ನೋಡಲು ಚೆಂದ ಅಲ್ವಾ, ತೋರಿಸೋಣ ಅಂತ.) ಡಬ್ಬದಲ್ಲಿ ಏನೇನಿತ್ತು ಅಂದ್ರೆ: 30 ವೋಲ್ಟ್ ಡಿಸಿ ಕೊಡುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅದರ ಮೇಲೆ ನೀಲಿ ದೀಪ, ಎರಡು ಬೆಳ್ಳಿ ತಂತಿ, ಎರಡು ಮೊಸಳೆ ಕ್ಲಿಪ್, ನೀರಿನಲ್ಲಿ ಕರಗಿದ ಲವಣದ ಅಂದಾಜು ತೋರಿಸುವ ಒಂದು ಟಿಡಿಎಸ್ ಪೆನ್, ಒಂದು ಕೆಂಪು ಲೇಸರ್, ಒಂದು ಚೀಟಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಕೆಲಸ ಮಾಡೋದು ತಂತಿ, ಅದಕ್ಕೇ ದುಡ್ಡು ಖರ್ಚು ಮಾಡಿಲ್ಲ.

ಕೆಲಸ ಹೇಗೆ ನಡೆಯುತ್ತದೆ ಅನ್ನೋದು ಸರಳ. ಡಿಸ್ಟಿಲ್ಡ್ ನೀರಿನಲ್ಲಿ ಎರಡು ಬೆಳ್ಳಿ ತಂತಿ ಇಳಿಬಿಟ್ಟು ಡಿಸಿ ಕೊಟ್ಟರೆ, ಪ್ಲಸ್ ಕಡೆಯ ತಂತಿಯಿಂದ ಬೆಳ್ಳಿ ಅಯಾನುಗಳಾಗಿ, ಅಂದರೆ ವಿದ್ಯುದಂಶ ಹೊತ್ತ ಪರಮಾಣುಗಳಾಗಿ, ಕರಗಿ ನೀರಿಗೆ ಬರುತ್ತದೆ. ಮೈನಸ್ ಕಡೆ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಅಯಾನುಗಳಲ್ಲಿ ಒಂದಿಷ್ಟು ಮತ್ತೆ ಎಲೆಕ್ಟ್ರಾನ್ ಹಿಡಿದುಕೊಂಡು ಪುಟ್ಟ ಪುಟ್ಟ ಬೆಳ್ಳಿ ಕಣಗಳಾಗುತ್ತವೆ, ಇನ್ನೊಂದಿಷ್ಟು ಮೈನಸ್ ತಂತಿಗೇ ಹೋಗಿ ಅಂಟಿಕೊಳ್ಳುತ್ತವೆ. ಎಷ್ಟು ಬೆಳ್ಳಿ ಕರಗಿತು ಅನ್ನೋದಕ್ಕೆ ಊಹೆ ಬೇಕಿಲ್ಲ: 1 ಮಿಲಿ ಆಂಪಿಯರ್ ಕರೆಂಟು 1 ಗಂಟೆ ಹರಿದರೆ ಸುಮಾರು 4 ಮಿಲಿಗ್ರಾಂ ಬೆಳ್ಳಿ ಇಳಿಯುತ್ತದೆ. ಈ ಲೆಕ್ಕ ಎಷ್ಟು ಗಟ್ಟಿ ಅಂದ್ರೆ, 1948ರ ತನಕ ಆಂಪಿಯರ್ ಅನ್ನುವ ಅಳತೆಯನ್ನೇ ಬೆಳ್ಳಿಯಿಂದ ಹೇಳುತ್ತಿದ್ದರು. ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಸೆಕೆಂಡಿಗೆ 1.118 ಮಿಲಿಗ್ರಾಂ ಬೆಳ್ಳಿ ಕೂರಿಸುವ ಕರೆಂಟೇ ಒಂದು ಆಂಪಿಯರ್.

ಈಗ ಚೀಟಿ ಓದಿ. ಒಂದು ಲೋಟಕ್ಕೆ, ಅಂದರೆ 250 ಮಿಲಿ ನೀರಿಗೆ, 10 ನಿಮಿಷದಲ್ಲಿ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಅಂತ ಬರೆದಿದ್ದಾರೆ. 250 ಮಿಲಿಗೆ 20 ಪಿಪಿಎಂ ಅಂದ್ರೆ 5 ಮಿಲಿಗ್ರಾಂ ಬೆಳ್ಳಿ. ಅದು 10 ನಿಮಿಷದಲ್ಲಿ ಕರಗಬೇಕಾದರೆ ಶುರುವಿನಿಂದ ಕೊನೆತನಕ ಏಳೂವರೆ ಮಿಲಿ ಆಂಪಿಯರ್ ಹರಿಯಬೇಕು. ಆದರೆ ಒಳ್ಳೆಯ ಡಿಸ್ಟಿಲ್ಡ್ ನೀರು ಕರೆಂಟನ್ನು ಹತ್ತಿರ ಸೇರಿಸುವುದೇ ಇಲ್ಲ. ನಡುವೆ ಮಲ್ಟಿಮೀಟರ್ ಸೇರಿಸಿ ನೋಡಿದರೆ ಶುರುವಿನಲ್ಲಿ ಮುಳ್ಳು ಅಲ್ಲಾಡುವುದಿಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಅಯಾನು ಸೇರಿದ ಹಾಗೆಲ್ಲ ಏರುತ್ತದೆ, ಏರಿದ್ದು ನಿಲ್ಲುವುದಿಲ್ಲ. ಅಂದರೆ ಮೊದಲರ್ಧ ಕೆಲಸವೇ ಆಗಲ್ಲ, ಕೊನೆಯರ್ಧ ಕೆಲಸ ಕೆಡುತ್ತದೆ. ಚೀಟಿ ಬರೆದವರು ಲೆಕ್ಕ ಹಾಕಿಲ್ಲ, ಸುಮ್ನೆ ಬರೆದಿದ್ದಾರೆ.

ತಂತಿ ವಿಷಯಕ್ಕೆ ಬರೋಣ. ನನಗೆ ಜಾಸ್ತಿ ಸಿಟ್ಟು ಬಂದದ್ದು ಇಲ್ಲಿ. ಡಬ್ಬದ ಮೇಲೆ 99.99 ಅಂತ ದಪ್ಪಕ್ಷರ. ಬೆಂಗಳೂರಿನ ನಗರ್ತಪೇಟೆಯಲ್ಲಿ ಟಚ್ ನೋಡುವವರ, ಅಂದರೆ ಬೆಳ್ಳಿ ಬಂಗಾರದ ಶುದ್ಧತೆ ಪರೀಕ್ಷೆ ಮಾಡುವವರ ಹತ್ತಿರ ಯಂತ್ರಕ್ಕೆ ಇಟ್ಟು ನೋಡಿಸಿದರೆ ಬೆಳ್ಳಿ 93ರ ಸುತ್ತ ಬಂತು, ಉಳಿದದ್ದೆಲ್ಲ ತಾಮ್ರ. ಒಡವೆಗೆ ಬಳಸುವ ಸ್ಟರ್ಲಿಂಗ್ ಬೆಳ್ಳಿಯ ಮಟ್ಟ ಅಷ್ಟೇ. ಪ್ಲಸ್ ಕಡೆ ಅದನ್ನು ಕೂರಿಸಿದರೆ ಬೆಳ್ಳಿ ಜೊತೆ ತಾಮ್ರವೂ ಕರಗುತ್ತದೆ, ತಯಾರಾಗುವುದು ಬೆಳ್ಳಿ ನೀರಲ್ಲ, ಮಿಕ್ಸ್ಚರು. ಯಂತ್ರ ಇಲ್ಲದೆ ಪರೀಕ್ಷೆ ಮಾಡುವ ಹಳೆಯ ದಾರಿಯೂ ಇದೆ: ಚೂರು ತಂತಿಯನ್ನು ನೈಟ್ರಿಕ್ ಆಸಿಡ್‌ನಲ್ಲಿ ಕರಗಿಸಿ ಅಮೋನಿಯಾ ಸೇರಿಸಿದರೆ, ತಾಮ್ರ ಇದ್ದರೆ ಕಡು ನೀಲಿ ತಿರುಗುತ್ತದೆ. ಇದು ಕಾಲೇಜು ಲ್ಯಾಬಿನಲ್ಲಿ ಮಾಡುವ ಕೆಲಸ, ಅಡುಗೆಮನೆಯಲ್ಲಿ ಬೇಡ.

ಹಾಗಾಗಿ ತಂತಿಯನ್ನು ಅಲ್ಲೇ ಪೇಟೆಯಲ್ಲಿ ಎಳೆಸಿಕೊಂಡೆ. ಕೆಲಸ ಮಾಡಿಕೊಟ್ಟ ಆಚಾರ್ರಿಗೆ ನನ್ನ ಬೇಡಿಕೆ ಅರ್ಥವೇ ಆಗಲಿಲ್ಲ. "ಸಾರ್, ಗಟ್ಟಿ ಬೆಳ್ಳಿ ಮೆತ್ತಗಿರುತ್ತೆ, ಬಗ್ಗಿ ಹೋಗುತ್ತೆ, ಒಂಚೂರು ತಾಮ್ರ ಹಾಕ್ತೀನಿ ಬಿಡಿ" ಅಂದರು. ಬೇಡ ಸ್ವಾಮಿ, ಬಗ್ಗಿದರೆ ಬಗ್ಗಲಿ ಅಂದೆ. "ಕೊಕ್ಕೆ ಬೇಕಾ, ಬೆಸುಗೆ ಹಾಕಿಕೊಡ್ಲಾ?" ಅದೂ ಬೇಡ. ಬೆಸುಗೆಯಲ್ಲಿ ತಾಮ್ರ, ಸತು ಇರುತ್ತದೆ, ಕೆಲವು ಕಡೆ ಕ್ಯಾಡ್ಮಿಯಂ ಕೂಡ. ಒಡವೆ ಅಂಗಡಿ ಬೋರ್ಡುಗಳಲ್ಲಿ ಕೆಡಿಎಂ ಅಂತ ನೋಡಿರುತ್ತೀರಲ್ಲ, ಆ ಬೆಸುಗೆಯಲ್ಲಿ ಇದ್ದದ್ದು ಅದೇ. ನೀರಿನಲ್ಲಿ ಮುಳುಗುವ ಭಾಗದಲ್ಲಿ ಬೆಸುಗೆಯ ಒಂದು ಚುಕ್ಕೆಯೂ ಇರಬಾರದು. 999 ಅಚ್ಚಿರುವ ಬೆಳ್ಳಿ ಬಿಸ್ಕತ್ತಿನಿಂದ 2 ಮಿಲಿಮೀಟರ್ ದಪ್ಪದ, 12 ಸೆಂಟಿಮೀಟರ್ ಉದ್ದದ ಎರಡು ತಂತಿ ಎಳೆದು ಕೊಟ್ಟರು. ಎರಡೂ ಸೇರಿ 8 ಗ್ರಾಂ. ಬೆಳ್ಳಿ ದರ ದಿನಕ್ಕೊಂದು ಥರ, ಅವತ್ತಿನ ರೇಟಿಗೆ ನೀವೇ ಗುಣಿಸಿಕೊಳ್ಳಿ, ಮೇಲೆ ಕೂಲಿ. ಬೆಳ್ಳಿ ಮನೆಯಲ್ಲೇ ಉಳಿಯುತ್ತದೆ ಅನ್ನೋದು ಸಮಾಧಾನ.

2 ಮಿಲಿಮೀಟರ್ ಯಾಕೆ? ಕಿಟ್ ತಂತಿ 1 ಮಿಲಿಮೀಟರ್, ಅದರಲ್ಲಿ ನೀರಿಗೆ ಇಳಿಯುವುದು 6 ಸೆಂಟಿಮೀಟರ್. ನೀರು ಮುಟ್ಟುವ ಮೈ ಎರಡು ಚದರ ಸೆಂಟಿಮೀಟರೂ ಆಗಲ್ಲ. ಇದನ್ನು ಮಾಡುವ ಹವ್ಯಾಸಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳುವ ಅಂದಾಜು, ಪ್ಲಸ್ ತಂತಿಯ ನೀರಿನೊಳಗಿನ ಮೈಗೆ ಚದರ ಇಂಚಿಗೆ 1 ಮಿಲಿ ಆಂಪಿಯರ್. ಅದಕ್ಕಿಂತ ಜಾಸ್ತಿ ಕೊಟ್ಟರೆ ಬೆಳ್ಳಿ ಹದವಾಗಿ ಕರಗುವುದು ಬಿಟ್ಟು ಕಪ್ಪು ಆಕ್ಸೈಡ್ ಕೆಸರಾಗಿ ಉದುರುತ್ತದೆ, ಕಣಗಳೂ ದಪ್ಪವಾಗುತ್ತವೆ. ಚೀಟಿಯ ಏಳೂವರೆ ಮಿಲಿ ಆಂಪಿಯರ್‌ಗೂ ಈ ಸಣ್ಣ ತಂತಿಗೂ ತಾಳೆ ನೋಡಿದರೆ ಈ ಮಿತಿಯ 25 ಪಟ್ಟು ಆಗುತ್ತದೆ! 2 ಮಿಲಿಮೀಟರ್ ತಂತಿ 10 ಸೆಂಟಿಮೀಟರ್ ಮುಳುಗಿದರೆ ಹೆಚ್ಚುಕಮ್ಮಿ ಸರಿಯಾಗಿ ಒಂದು ಚದರ ಇಂಚು ಸಿಗುತ್ತದೆ, ಲೆಕ್ಕಕ್ಕೂ ಸುಲಭ. ಇನ್ನೂ ಬೇಕಾದರೆ ತಂತಿಯನ್ನು ಸುರುಳಿ ಸುತ್ತಬಹುದು ಅಥವಾ ಪಟ್ಟಿ ಮಾಡಿಸಬಹುದು. ಪಟ್ಟಿಯ ಅಂಚುಗಳಲ್ಲಿ ಕರೆಂಟು ಗುಂಪುಗೂಡುತ್ತದೆ, ಹಾಗಾಗಿ ನನಗೆ ದುಂಡು ತಂತಿಯೇ ಇಷ್ಟ.

ಜೋಡಿಸುವ ರೀತಿಯೂ ಕಿಟ್‌ನಲ್ಲಿ ಕೆಟ್ಟದ್ದು. ಎರಡು ಮೊಸಳೆ ಕ್ಲಿಪ್ಪಿಗೆ ತಂತಿ ಕಚ್ಚಿಸಿ ಲೋಟದ ಅಂಚಿಗೆ ಸಿಕ್ಕಿಸಿ ಅಂತ. ತಂತಿ ನೇರ ನಿಲ್ಲುವುದಿಲ್ಲ, ಕೆಳತುದಿಗಳು ಒಂದಕ್ಕೊಂದು ವಾಲಿಕೊಳ್ಳುತ್ತವೆ. ಎಲ್ಲಿ ಹತ್ತಿರವೋ ಅಲ್ಲೇ ಕರೆಂಟು ಜಾಸ್ತಿ. ಭೂತಗನ್ನಡಿ ಹಿಡಿದು ನೋಡಿದರೆ ಮೈನಸ್ ತಂತಿಯ ತುದಿಯಲ್ಲಿ ಬೂದು ಬಣ್ಣದ ಎಳೆಗಳು ಹುಟ್ಟುವುದು ಕಾಣುತ್ತದೆ, ಕೂದಲಿಗಿಂತ ತೆಳು, ಕವಲು ಕವಲಾಗಿ ಪ್ಲಸ್ ತಂತಿಯ ಕಡೆ ಬೆಳೆಯುತ್ತಾ ಹೋಗಿ, ಒಂದು ಎಳೆ ಆ ಕಡೆ ಮುಟ್ಟಿದ ಕ್ಷಣ ಮೀಟರ್ ಸರ್ರನೆ ಏರುತ್ತದೆ, ಎಳೆ ತುಂಡಾಗಿ ತಳಕ್ಕೆ ಬೀಳುತ್ತದೆ, ಮತ್ತೆ ಹೊಸದು ಶುರು. ಮಕ್ಕಳಿಗೆ ಇದೇ ಎಲ್ಲಕ್ಕಿಂತ ಇಷ್ಟವಾಯಿತು, ಆದರೆ ದ್ರಾವಣಕ್ಕೆ ಒಳ್ಳೆಯದಲ್ಲ. ಇನ್ನೊಂದು ತೊಂದರೆ ಕ್ಲಿಪ್ಪಿನದು. ಅದು ನಿಕಲ್ ಲೇಪದ ಕಬ್ಬಿಣ. ನೀರು ತಂತಿ ಹಿಡಿದು ಮೇಲೆ ಹತ್ತಿ ಕ್ಲಿಪ್ಪನ್ನು ಮುಟ್ಟಿದರೆ ನಿಕಲ್ಲೂ ಕಬ್ಬಿಣವೂ ಲೋಟಕ್ಕೆ ಬರುತ್ತವೆ.

ಸರಿ ಮಾಡುವುದಕ್ಕೆ ಖರ್ಚೇನೂ ಇಲ್ಲ. ಅಗಲ ಬಾಯಿಯ ಗಾಜಿನ ಜಾಡಿಯ ಪ್ಲಾಸ್ಟಿಕ್ ಮುಚ್ಚಳಕ್ಕೆ ನಾಲ್ಕು ಸೆಂಟಿಮೀಟರ್ ಅಂತರದಲ್ಲಿ ಎರಡು ತೂತು ಹಾಕಿ. ತೂತು ತಂತಿಗಿಂತ ಒಂದು ಕೂದಲಷ್ಟು ಚಿಕ್ಕದಿರಲಿ, ಒತ್ತಿ ತೂರಿಸಿದರೆ ಬಿಗಿಯಾಗಿ ಕೂರುತ್ತದೆ. ಮೇಲೆ ಉಳಿದ ತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ, ಕ್ಲಿಪ್ಪು ಮುಚ್ಚಳದ ಹೊರಗೇ ಕಚ್ಚಲಿ. ತಂತಿಗಳು ಮೇಲಿಂದ ಕೆಳಗಿನವರೆಗೂ ಸಮಾನಾಂತರವಾಗಿವೆಯಾ ಅಂತ ಜಾಡಿಯ ಪಕ್ಕದಿಂದ ಕಣ್ಣಿಟ್ಟು ನೋಡಿ, ತಳ ಮುಟ್ಟಬಾರದು. ತೂರಿಸುವ ಮೊದಲು ತುದಿಯನ್ನು ನುಣ್ಣಗೆ ಉಜ್ಜಿ ದುಂಡು ಮಾಡಿ, ಚೂಪು ತುದಿಯಲ್ಲೇ ಎಳೆ ಹುಟ್ಟುವುದು. ಹೈಡ್ರೋಜನ್ ಹೋಗುವುದಕ್ಕೆ ಮುಚ್ಚಳದಲ್ಲಿ ಮೂರನೆಯ ಸಣ್ಣ ತೂತು ಬೇಕು. ಇಷ್ಟು ಕರೆಂಟಿಗೆ ಬರುವುದು ತೀರಾ ಸ್ವಲ್ಪ, ಆದರೂ ಗಾಳಿಯಾಡದ ಹಾಗೆ ಮುಚ್ಚಬಾರದು.

ಕರೆಂಟ್ ಹಿಡಿತ ಎರಡನೆಯ ದೊಡ್ಡ ಸುಧಾರಣೆ. ತೀರಾ ಸರಳ ದಾರಿ ಅಂದ್ರೆ ಸರಣಿಯಲ್ಲಿ 30 ಕಿಲೋ ಓಮ್ ರೆಸಿಸ್ಟರ್. 30 ವೋಲ್ಟಿಗೆ, ತಂತಿ ತಂತಿ ಮುಟ್ಟಿದರೂ 1 ಮಿಲಿ ಆಂಪಿಯರ್ ದಾಟುವುದಿಲ್ಲ. ಇನ್ನೂ ಚೆನ್ನಾಗಿ ಬೇಕಾದರೆ ಎಲ್‌ಎಂ334 ಅನ್ನುವ ಪುಟ್ಟ ಮೂರು ಕಾಲಿನ ಐಸಿ. 68 ಓಮ್ ರೆಸಿಸ್ಟರ್ ಒಂದು ಜೊತೆಗೆ ಹಾಕಿದರೆ ಸುಮಾರು 1 ಮಿಲಿ ಆಂಪಿಯರ್‌ಗೆ ಕಟ್ಟಿಹಾಕುತ್ತದೆ, 40 ವೋಲ್ಟ್‌ವರೆಗೂ ತಡೆಯುತ್ತದೆ. ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿದರೆ "ಅದಿಲ್ಲ, ಎಲ್‌ಎಂ317 ತಗೊಳ್ಳಿ, ಅದೇ ಇದು" ಅಂತ ಕೈಗೆ ಇಡುತ್ತಾರೆ. ಅದೇ ಇದಲ್ಲ. 317 ನೆಟ್ಟಗೆ ಕೆಲಸ ಮಾಡಲು ಅದಕ್ಕೇ ಕೆಲವು ಮಿಲಿ ಆಂಪಿಯರ್ ಹರಿಯಬೇಕು, ನಮಗೆ ಬೇಕಿರುವುದೇ ಒಂದು. ಇನ್ನೊಂದು ಅಂಗಡಿ ಹತ್ತಿ ಇಳಿಯಿರಿ, ಸಿಗುತ್ತದೆ.

ಹೀಗೆ ಕಟ್ಟಿದ ಮೇಲೆ ಲೆಕ್ಕ ಬಾಯಲ್ಲೇ ಆಗುತ್ತದೆ. 250 ಮಿಲಿ ನೀರಿಗೆ 1 ಮಿಲಿ ಆಂಪಿಯರ್ ಅಂದರೆ 10 ಪಿಪಿಎಂಗೆ 37 ನಿಮಿಷದ ಆಸುಪಾಸು, ಅದೂ ಕರೆಂಟು 1 ಮುಟ್ಟಿದ ಮೇಲೆ. ಮೈನಸ್ ತಂತಿಗೆ ಅಂಟಿದ್ದು ಇದರಲ್ಲಿ ಕಳೆಯಬೇಕು. ಅಂಟುವುದನ್ನು ಕಡಿಮೆ ಮಾಡಲು ಪ್ಲಸ್ಸು ಮೈನಸ್ಸು ಆಗಾಗ ಅದಲುಬದಲು ಮಾಡುವ ಸ್ವಿಚ್ ಹಾಕಿ. ಆರು ಕಾಲಿನ ಡಿಪಿಡಿಟಿ ಸ್ವಿಚ್ ಸಾಕು, ನಿಮಿಷಕ್ಕೊಮ್ಮೆ ಟಕ್ ಅನ್ನಿಸಿ, ಬೇಜಾರಾದರೆ ಟೈಮರ್ ರಿಲೇ ಹಾಕಿಕೊಳ್ಳಿ. ಅದಲುಬದಲು ಮಾಡುವುದಾದರೆ ಎರಡೂ ತಂತಿ ಬೆಳ್ಳಿಯದೇ ಇರಬೇಕು. ಮೈನಸ್ ಕಡೆ ಸ್ಟೀಲ್ ಚಮಚ ಹಾಕಿ ಬೆಳ್ಳಿ ಉಳಿಸುತ್ತೇನೆ ಅನ್ನುವವರಿದ್ದಾರೆ, ಸ್ವಿಚ್ ತಿರುಗಿದ ತಕ್ಷಣ ಚಮಚವೇ ಕರಗಲು ಶುರುವಾಗುತ್ತದೆ. ನಿಧಾನವಾಗಿ ಕದಡುತ್ತಿರುವುದು ಕೂಡ ಮುಖ್ಯ. ಹಳೆಯ ಕಂಪ್ಯೂಟರ್ ಫ್ಯಾನಿಗೆ ಎರಡು ಆಯಸ್ಕಾಂತ ಅಂಟಿಸಿ ಮೇಲೆ ಜಾಡಿ ಇಟ್ಟು, ಒಳಗೆ ಪ್ಲಾಸ್ಟಿಕ್ ಹೊದಿಕೆಯ ಆಯಸ್ಕಾಂತದ ಕಡ್ಡಿ ಹಾಕಿದರೆ ತಾನೇ ತಿರುಗುತ್ತದೆ. ಅಕ್ವೇರಿಯಂ ಪಂಪ್ ಬೇಡ, ಅದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ನೀರಿಗೆ ತುಂಬುತ್ತದೆ.

ನೀರಿನ ಬಗ್ಗೆ ಎರಡೇ ಮಾತು. ಆರ್‌ಓ ನೀರು ಆಗಲ್ಲ, ಬೋರ್ ನೀರಂತೂ ಕೇಳಲೇಬೇಡಿ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಬ್ಯಾಟರಿ ವಾಟರ್ ಕೆಲವು ಬಾಟಲಿ ಚೆನ್ನಾಗಿರುತ್ತದೆ, ಕೆಲವು ಇರಲ್ಲ. ಟಿಡಿಎಸ್ ಪೆನ್ ಸೊನ್ನೆ ಅಥವಾ ಒಂದು ತೋರಿಸಿದರೆ ಮಾತ್ರ ಬಳಸಿ. ಬೇಗ ಆಗಲಿ ಅಂತ ಚಿಟಿಕೆ ಉಪ್ಪು ಹಾಕಿ ಅಂತ ಚೀಟಿಯಲ್ಲಿದೆ, ಇದು ಶುದ್ಧ ತಲೆಹರಟೆ. ಉಪ್ಪಿನ ಕ್ಲೋರೈಡ್ ಸಿಕ್ಕರೆ ಬೆಳ್ಳಿ ಅಯಾನು ಸಿಲ್ವರ್ ಕ್ಲೋರೈಡ್ ಆಗಿ ಹಾಲಿನಂತೆ ಬೆಳ್ಳಗಾಗುತ್ತದೆ, ಬೆಳಕಿಗೆ ಇಟ್ಟರೆ ಕಪ್ಪಿಡುತ್ತದೆ. ಆಮೇಲೆ ಅದನ್ನು ಕೊಲಾಯ್ಡಲ್ ಸಿಲ್ವರ್ ಅನ್ನೋದು ಹೆಸರಿಗಷ್ಟೇ. ಪೆನ್ನಿನ ಬಗ್ಗೆಯೂ ಒಂದು ಎಚ್ಚರ: ಅದು ಬೆಳ್ಳಿಯ ಪಿಪಿಎಂ ತೋರಿಸುವುದಿಲ್ಲ. ಅದು ಅಳೆಯುವುದು ನೀರು ಎಷ್ಟು ಕರೆಂಟು ಹಾಯಿಸುತ್ತದೆ ಅನ್ನೋದನ್ನು, ಕಣಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಕರೆಂಟು ಕೊಡುವ ಪೆಟ್ಟಿಗೆ, ಅಂದರೆ ಅಡಾಪ್ಟರ್, ಪರವಾಗಿಲ್ಲ, ಒಳಗೆ ಟ್ರಾನ್ಸ್‌ಫಾರ್ಮರ್ ಇದೆ, ಬಿಚ್ಚಿ ನೋಡಿದೆ. ಅದಕ್ಕೇ ಆ ಎರಡು ಸ್ಟಾರ್. ನಿಮಗೆ ಬಂದದ್ದರಲ್ಲಿ ಬಿಐಎಸ್ ಗುರುತು ಇಲ್ಲದಿದ್ದರೆ, ಕೈಯಲ್ಲಿ ಹಿಡಿದರೆ ಹತ್ತಿಯಷ್ಟು ಹಗುರವಿದ್ದರೆ, ದಯವಿಟ್ಟು ಗೋಡೆಗೆ ಚುಚ್ಚಬೇಡಿ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಬರೀ ಕೆಪಾಸಿಟರ್ ಹಾಕಿ ವೋಲ್ಟೇಜ್ ಇಳಿಸಿದ ಸರ್ಕ್ಯೂಟಾದರೆ ಜಾಡಿಯ ನೀರೇ 230 ವೋಲ್ಟಿನ ಲೈನಿಗೆ ಸೇರಿದ ಹಾಗೆ. ಮೂರು 9 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿದರೆ 27 ವೋಲ್ಟ್ ಸಿಗುತ್ತದೆ, ಇಷ್ಟು ಸಣ್ಣ ಕರೆಂಟಿಗೆ ಬಹಳ ಕಾಲ ಬಾಳುತ್ತದೆ, ಮಕ್ಕಳ ಕೈಗೆ ಕೊಡುವುದಕ್ಕೂ ಧೈರ್ಯ.

ಫಲ ಹೇಗಿದೆ ಅಂದ್ರೆ, ಕಿಟ್ ತಂತಿಯಲ್ಲಿ ಬಂದದ್ದು ಬೂದು ಕಲಗಚ್ಚು, ಸ್ವಲ್ಪ ಹೊತ್ತಿಗೇ ತಳದಲ್ಲಿ ಕಪ್ಪು ಮಡ್ಡಿ. ಹೊಸ ಜೋಡಣೆಯಲ್ಲಿ ಬರುವುದು ನೀರಿನಷ್ಟೇ ತಿಳಿ, ಕೆಲವೊಮ್ಮೆ ಒಂದೆರಡು ದಿನ ಕಳೆದ ಮೇಲೆ ತಿಳಿ ಹಳದಿಗೆ ತಿರುಗುತ್ತದೆ. ಸಣ್ಣ ಬೆಳ್ಳಿ ಕಣಗಳು 400 ನ್ಯಾನೋಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ಹೀರಿಕೊಳ್ಳುವುದರಿಂದ ಕಣ್ಣಿಗೆ ಹಳದಿ ಕಾಣುವುದು. ಪೂರ್ತಿ ತಿಳಿಯಾಗಿದ್ದರೆ ಅದರಲ್ಲಿ ಹೆಚ್ಚಿನದು ಕಣವಲ್ಲ, ಅಯಾನು. ಲೇಸರ್ ಹಾಯಿಸಿದರೆ ಗೆರೆ ಕಾಣುತ್ತದೆ, ಗೆರೆ ಕಂಡರೆ ಒಳ್ಳೆ ಗುಣಮಟ್ಟ ಅಂತ ಚೀಟಿ ಹೇಳುತ್ತದೆ. ಒಂದು ಲೋಟ ನೀರಿಗೆ ಒಂದು ತೊಟ್ಟು ಹಾಲು ಹಾಕಿದರೂ ಅದೇ ಗೆರೆ ಕಾಣುತ್ತದಪ್ಪ!

ಇನ್ನು ಕುಡಿಯುವ ವಿಚಾರ. ಚೀಟಿಯಲ್ಲಿ ದಿನಕ್ಕೆ ಎರಡು ಚಮಚ, ಶೀತಕ್ಕೆ, ಶುಗರಿಗೆ, ಕ್ಯಾನ್ಸರಿಗೆ ಅಂತ ಪಟ್ಟಿಯೇ ಇದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500, ಅದರಲ್ಲಿ ಬೆಳ್ಳಿಗೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ನಾವು ಮೇಲೆ ಮಾಡಿದ 10 ಪಿಪಿಎಂ ಅದರ ನೂರು ಪಟ್ಟು. ತಂತಿ ಎಷ್ಟೇ ಶುದ್ಧವಾಗಿರಲಿ, ಕಣ ಎಷ್ಟೇ ಸಣ್ಣದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಒಳಗೆ ಹೋದ ಬೆಳ್ಳಿ ಚರ್ಮದಲ್ಲಿ ಕೂತು ಮೈ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ಬಿಸಿಲು ಬೀಳುವ ಮುಖಕ್ಕೇ ಜಾಸ್ತಿ. ಆರ್ಜೀರಿಯಾ ಅನ್ನುತ್ತಾರೆ, ಸಾಮಾನ್ಯವಾಗಿ ಅದು ಹೋಗುವುದಿಲ್ಲ. ಅಮೆರಿಕದ ಮೊಂಟಾನಾದಲ್ಲಿ 2002ರಲ್ಲಿ ಸೆನೆಟ್ ಚುನಾವಣೆಗೆ ನಿಂತಿದ್ದ ಸ್ಟಾನ್ ಜೋನ್ಸ್ ಹೀಗೇ ನೀಲಿಯಾದವರು. 2000ನೇ ಇಸವಿಗೆ ಕಂಪ್ಯೂಟರ್‌ಗಳೆಲ್ಲ ಕೆಟ್ಟು ಔಷಧಿ ಸಿಗಲ್ಲ ಅಂತ ಹೆದರಿ ಮನೆಯಲ್ಲೇ ಬೆಳ್ಳಿ ನೀರು ಮಾಡಿ ಕುಡಿದಿದ್ದರು. ಟಿವಿಯಲ್ಲಿ ಬಂದು ಹೆಸರಾದ ಪಾಲ್ ಕರಸನ್ ಕೂಡ ಮನೆಯಲ್ಲಿ ಮಾಡಿಕೊಂಡದ್ದನ್ನೇ ಕುಡಿದವರು. ಅಲ್ಲಿನ ಆಹಾರ ಮತ್ತು ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲೇ ಕೊಲಾಯ್ಡಲ್ ಸಿಲ್ವರ್ ಹಾಕಿದ ಔಷಧಿಗಳು ಸುರಕ್ಷಿತವೂ ಅಲ್ಲ, ಪರಿಣಾಮಕಾರಿಯೂ ಅಲ್ಲ ಅಂತ ಹೇಳಿದೆ, 2020ರಲ್ಲಿ ಕೋವಿಡ್‌ಗೆ ಮದ್ದು ಅಂತ ಮಾರಿದವರಿಗೆ ಎಚ್ಚರಿಕೆ ಪತ್ರವನ್ನೂ ಕಳಿಸಿತು. ಥೈರಾಯ್ಡ್ ಮಾತ್ರೆ, ಕೆಲವು ಆಂಟಿಬಯೋಟಿಕ್ ಮೈಗೆ ಹತ್ತುವುದನ್ನು ಕೂಡ ಬೆಳ್ಳಿ ತಡೆಯಬಹುದು. ಥೈರಾಯ್ಡ್ ಮಾತ್ರೆ ನುಂಗುವವರು ಇಲ್ಲದ ಮನೆ ಈಗ ಎಲ್ಲಿದೆ ಹೇಳಿ.

ಹಾಗಾದ್ರೆ ಅಜ್ಜಿ ಮಗುವಿಗೆ ಬೆಳ್ಳಿ ಬಟ್ಟಲಲ್ಲಿ ಹಾಲು ಕುಡಿಸಿದ್ದು ತಪ್ಪಾ, ಸುಟ್ಟ ಗಾಯಕ್ಕೆ ಡಾಕ್ಟರು ಬೆಳ್ಳಿ ಮುಲಾಮು ಬರೆಯಲ್ವಾ ಅಂತ ಕೇಳುವವರು ಇದ್ದೇ ಇರುತ್ತಾರೆ. ಬಟ್ಟಲಿಗೆ ಯಾರೂ 30 ವೋಲ್ಟ್ ಕೊಟ್ಟಿರಲಿಲ್ಲ. ಮುಲಾಮು ಡಾಕ್ಟರು ನೋಡಿ ಬರೆದದ್ದು, ಚರ್ಮಕ್ಕೆ ಹಚ್ಚುವುದು. ಇದನ್ನು ಗಾಯಕ್ಕೆ, ಕಣ್ಣಿಗೆ, ಮೂಗಿಗೆ ಬಿಡುವ ಯೋಚನೆಯೂ ಬೇಡ.

ಕೊಳ್ಳಬೇಕಾ? ಪಾಠಕ್ಕೆ, ಹವ್ಯಾಸಕ್ಕೆ ಆದರೆ ಕಿಟ್ ಬಿಟ್ಟುಬಿಡಿ. ಬ್ಯಾಟರಿ, ರೆಸಿಸ್ಟರ್, ಜಾಡಿ, ಪೇಟೆಯಲ್ಲಿ ಎಳೆಸಿದ ತಂತಿ ಸಾಕು. ಟಿಡಿಎಸ್ ಪೆನ್ನು ಬೇರೆಯೇ ಸಿಗುತ್ತದೆ. ಈಗಾಗಲೇ ಕೊಂಡಾಗಿದ್ದರೆ ತಂತಿ ಬದಲಾಯಿಸಿ, ರೆಸಿಸ್ಟರ್ ಸೇರಿಸಿ, ಚೀಟಿ ಹರಿದು ಹಾಕಿ. ಲೇಸರ್ ಮಕ್ಕಳ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಎಷ್ಟು ಪವರ್ ಅಂತ ಅದರ ಮೇಲೆ ಬರೆದೇ ಇಲ್ಲ.

ಮಾಡಿದ ದ್ರಾವಣವನ್ನು ಕಂದು ಬಾಟಲಿಯಲ್ಲಿ ತುಂಬಿ ಕುಡಿಯಬಾರದು ಅಂತ ದಪ್ಪಗೆ ಬರೆದು ಅಂಟಿಸಿ, ಯಾಕಂದ್ರೆ ನೋಡಲು ನೀರಿನ ಹಾಗೇ ಇರುತ್ತದೆ. ಕೆಲಸ ಮುಗಿದ ಮೇಲೆ ಸಿಂಕಿಗೆ, ಗಿಡಕ್ಕೆ, ಮೀನಿನ ತೊಟ್ಟಿಗೆ ಸುರಿಯಬೇಡಿ. ಬೆಳ್ಳಿ ಅಯಾನು ಮೀನಿಗೆ ಬಹಳ ಕೆಟ್ಟ ವಿಷ. ಈಗ ಬೇಕಾದರೆ ಉಪ್ಪು ಹಾಕಿ. ಬೆಳ್ಳಗೆ ಕದಡಿ ನಿಧಾನವಾಗಿ ತಳಕ್ಕೆ ಕೂರುತ್ತದೆ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಕಾಗದ ಒಣಗಿಸಿ ಒಂದು ಡಬ್ಬಿಯಲ್ಲಿ ಸೇರಿಸುತ್ತಾ ಹೋಗಿ. ತಂತಿಯ ಮೇಲಿನ ಕಪ್ಪನ್ನು ಪ್ರತಿ ಸಲ ಒದ್ದೆ ಟಿಶ್ಯೂವಿನಲ್ಲಿ ಒರೆಸಿ, ಪಾತ್ರೆ ಉಜ್ಜುವ ಸ್ಕ್ರಬರ್ ಬೇಡ, ಅದರ ಉಕ್ಕಿನ ಚೂರು ತಂತಿಯ ಮೈಗೆ ಹತ್ತಿಕೊಳ್ಳುತ್ತದೆ.